ಸಿಯಾಟಲ್‌ನ ಹುಡುಗನನ್ನು ಯಾಕೆ ಬಿಟ್ಟೆ

ಪ್ರೀತಿಯ ಕ್ಯಾಸ್ ಅಣ್ಣನಿಗೆ,

ಈ ಕಾಗದವನ್ನು ಬರ್ನಿ ಅತ್ತಿಗೆ ನಿನಗೆ ಓದಿ ಹೇಳುತ್ತಾರೆ ಎಂದುಕೊಂಡು ಬರೆಯುತ್ತಿದ್ದೇನೆ. ಅತ್ತಿಗೆ, ಮೊದಲೇ ಒಂದು ಮಾತು. ಅವನು ನಡುವೆ ಬಾಯಿ ಹಾಕುತ್ತಾನೆ, ಸಾಕು ನಿಲ್ಲಿಸು ಎನ್ನುತ್ತಾನೆ, ಎದ್ದು ಹೋಗುತ್ತಾನೆ. ನೀವು ನಿಲ್ಲಿಸಬೇಡಿ. ಎದ್ದು ಹೋದರೆ ಹಿಂದೆಯೇ ಹೋಗಿ ಓದಿ. ಟೊಲೀಡೊದಲ್ಲಿ ನಿಮ್ಮ ಮನೆ ಅಷ್ಟೇನೂ ದೊಡ್ಡದಲ್ಲ, ಎಲ್ಲಿಗೆ ತಾನೇ ಹೋದಾನು.

ಭಾನುವಾರ ಸಂಜೆ ನೀನು ಫೋನಿನಲ್ಲಿ ನನ್ನನ್ನು ಹಿಗ್ಗಾಮುಗ್ಗಾ ಬೈದು, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅದಕ್ಕೇ ಈ ಕಾಗದ. ಇದರಲ್ಲಿ ನಾನು ಕ್ಷಮೆ ಕೇಳುತ್ತೇನೆ ಎಂದುಕೊಂಡಿದ್ದರೆ ಆ ಆಸೆ ಬಿಡು. ಹರಾಜಿನಲ್ಲಿ ಯಾರನ್ನು ಯಾಕೆ ಕೊಂಡೆ, ಯಾರನ್ನು ಯಾಕೆ ಬಿಟ್ಟೆ ಎಂದು ಹೇಳುತ್ತೇನೆ. ಕೇಳಿದ ಮೇಲೆ ಇನ್ನೊಮ್ಮೆ ಬೈಯಬೇಕೆನಿಸಿದರೆ ಬೈಯಿ.

ಅತ್ತಿಗೆ, ಇಷ್ಟು ವರ್ಷ ನಮ್ಮ ಈ ಹುಚ್ಚಿಗೆ ಸಾಸೇಜು ಬೇಯಿಸಿ ಕೊಟ್ಟೂ, ಇದರ ತಲೆಬುಡ ತಿಳಿಯುವುದಿಲ್ಲ ಎಂದು ಹೇಳಿಕೊಂಡೇ ಬಂದಿದ್ದೀರಿ. ಆದ್ದರಿಂದ ನಿಮಗಾಗಿ ನಾಲ್ಕು ಮಾತು. ನಾವು ಹತ್ತು ಮನೆಯವರು ಹತ್ತು ಬೇಸ್‌ಬಾಲ್ ತಂಡಗಳ ಮಾಲೀಕರಂತೆ ಆಡುತ್ತೇವೆ. ದುಡ್ಡು ಸುಳ್ಳು, ಆಟಗಾರರು ನಿಜ. ಮಾರ್ಚಿನಲ್ಲಿ ಸ್ಟಾಶ್‌ನ ಬಿಯರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಆ ಸುಳ್ಳು ಡಾಲರುಗಳಲ್ಲಿ ದೇಶದ ಆಟಗಾರರನ್ನೆಲ್ಲ ಹರಾಜಿಗೆ ಹಾಕಿ ಕೊಳ್ಳುತ್ತೇವೆ. ಆಮೇಲೆ ಶರತ್ಕಾಲದವರೆಗೆ ಅವರು ನಿಜವಾದ ಮೈದಾನಗಳಲ್ಲಿ ಹೊಡೆದದ್ದು, ಓಡಿದ್ದು, ಎಸೆದದ್ದು ಎಲ್ಲ ನಮ್ಮ ಲೆಕ್ಕಕ್ಕೆ. ಹುಚ್ಚು ಎನ್ನಿ, ಬೇಡ ಎನ್ನುವುದಿಲ್ಲ. ಅವನೂ ನಾನೂ ಸೇರಿ ಒಂದು ತಂಡ, ಆದರೆ ನಿಮ್ಮ ಗಂಡ ಈ ಹುಚ್ಚಿನಲ್ಲಿ ಊರಿಗೇ ಗುರು.

ಈ ಸಲ ಗುರುವಿನ ಕುರ್ಚಿ ಖಾಲಿ. ನಾನು ಒಳಗೆ ಕಾಲಿಡುವ ಹೊತ್ತಿಗೆ ಗ್ಲೆನ್ ಹಾರ್ಗ್ರೋವ್ ಅದರ ಮೇಲೆ ತನ್ನ ಕೋಟು ಹಾಸಿದ್ದ. ವಿಮೆ ಮಾರುವವನಿಗೆ ಖಾಲಿ ಕುರ್ಚಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಕೋಟನ್ನು ಎತ್ತಿ ಅವನ ಮಡಿಲಿಗೆ ಹಾಕಿದೆ. ಅವನು ನಗುತ್ತಲೇ ಶುರು ಮಾಡಿದ.

"ಏನ್ ವಾಂಡಾ, ಅಣ್ಣ ಬರ್ಲಿಲ್ವಾ? ನೋಡಮ್ಮಾ, ತಪ್ಪು ತಿಳೀಬೇಡ. ಕಣ್ಣು ಕಾಣ್ದೋರಿಗೆ ಇದೆಲ್ಲ ಸುಮ್ನೆ ಹಿಂಸೆ. ಕುರ್ಚಿ ನಮ್ಮ ಅಳಿಯನಿಗೆ ಬಿಟ್ಕೊಡಿ. ಚುರುಕು ಹುಡ್ಗ, ಇಪ್ಪತ್ನಾಲ್ಕು ಗಂಟೆ ಕಂಪ್ಯೂಟರ್ ಮುಂದೇನೇ ಇರ್ತಾನೆ."

"ಎರಡು ಕಣ್ಣಿದ್ರೂ ನಿಮ್ಮ ಅಳಿಯನಿಗೆ ಕಾರು ನೆಟ್ಟಗೆ ನಿಲ್ಸೋಕೆ ಬರಲ್ಲ," ಎಂದೆ. "ಮೊದ್ಲು ಅದನ್ನ ಕಲ್ಸಿ."

ಎಲ್ಲರೂ ನಕ್ಕರು. ಆದರೆ ನಕ್ಕವರಲ್ಲಿ ಅರ್ಧ ಜನ ನನ್ನ ಮುಖ ನೋಡಲಿಲ್ಲ, ಅಣ್ಣ. ಗ್ಲೆನ್ ಮೊದಲೇ ಎಲ್ಲರ ಹತ್ತಿರ ಮಾತಾಡಿಟ್ಟಿದ್ದ. ಕೊನೆಗೆ ಸ್ಟಾಶ್ ಗಂಟಲು ಸರಿಮಾಡಿಕೊಂಡು ಹೇಳಿದ, "ಜಗಳ ಬೇಡ. ಈ ವರ್ಷ ಆಡ್ಲಿ. ಕೊನೇ ಸ್ಥಾನಕ್ಕೆ ಬಂದ್ರೆ ಮುಂದಿನ ವರ್ಷ ಕುರ್ಚಿ ಗ್ಲೆನ್ ಅಳಿಯನಿಗೆ. ಆಗ್ಬಹುದಾ ವಾಂಡಾ?"

ಆಗಬಹುದು ಎಂದೆ. ನಿನ್ನನ್ನು ಕೇಳದೆಯೇ ಎಂದೆ. ಇದೂ ನಿನ್ನ ಬೈಗುಳದಲ್ಲಿತ್ತು, ಗೊತ್ತು. ಆದರೆ ಯಾರನ್ನು ಕೇಳಬೇಕಿತ್ತು ಹೇಳು? ಕಣ್ಣಿನ ನಡುಭಾಗದ ನೋಟ ಹೋಯಿತು ಎಂದು ಡಾಕ್ಟರು ಹೇಳಿದ ದಿನದಿಂದ ನೀನು ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದೀಯ. ನಾನು ಹರಾಜಿನ ವಿಷಯ ಕೇಳಿದಾಗ ನೀನು, "ನಿನ್ನ ತಂಡ, ನಿನ್ನಿಷ್ಟ, ನನ್ನನ್ಯಾಕೆ ಕೇಳ್ತೀಯ" ಎಂದೆ. ಪ್ರತಿ ಬೆಳಿಗ್ಗೆ ಪೇಪರಿನ ಅಂಕಿಗಳ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡು ಸಾಲು ಸಾಲು ಓದುತ್ತಿದ್ದ ಮನುಷ್ಯ ನೀನು, ಇನ್ನು ಆ ಸಾಲು ಕಾಣುವುದಿಲ್ಲ ಎಂದಾಗ ಇಡೀ ಆಟವನ್ನೇ ಮನೆಯಿಂದ ಆಚೆ ಹಾಕಿದೆ. ನಿನ್ನ ದುಃಖ ನನಗೆ ಅರ್ಥವಾಗುತ್ತದೆ. ಒಪ್ಪಿಗೆಯಾಗುವುದಿಲ್ಲ.

ಈಗ ಆಟಗಾರರ ವಿಷಯ.

ಕ್ಲೀವ್‌ಲ್ಯಾಂಡಿನ ಲೈಲ್ ಟರ್ಪಿನ್. ಚೆಂಡು ಎಸೆಯುವ ಮುದಿ ಪಿಚರ್, ಮೊಣಕೈಗೆ ಹೊಲಿಗೆ ಬಿದ್ದಿದೆ, ಮೂವತ್ತೊಂದು ಡಾಲರ್ ಕೊಟ್ಟೆ. ಮೇಜಿನ ಆ ತುದಿಯಿಂದ ಯಾರೋ, "ಅಮ್ಮಾ, ಅವ್ನಿಗೆ ಪಿಂಚಣಿ ಕೊಡ್ಬೇಕು, ಸಂಬಳ ಅಲ್ಲ," ಎಂದು ಕೂಗಿದರು. ಕೂಗಲಿ. ಅವನು ನಿಧಾನದ ಮನುಷ್ಯ. ಎಸೆಯಲು ಕೊಟ್ಟ ಸೆಕೆಂಡುಗಳು ಮುಗಿಯುವ ಕೊನೆಯ ಕ್ಷಣದವರೆಗೂ ಚೆಂಡು ಎಸೆಯುವುದಿಲ್ಲ. ಆ ಬಿಡುವಿನಲ್ಲಿ ರೇಡಿಯೊದವನು ಮೈದಾನದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಗಾಳಿ ಯಾವ ಕಡೆಗಿದೆ, ಎಲ್ಲ ಹೇಳಿ ಮುಗಿಸುತ್ತಾನೆ.

ಡೆಟ್ರಾಯಿಟಿನ ಎಲಿಯಾಸ್ ಮೊಂಟಿಯೆಲ್. ಚೆಂಡನ್ನು ಬೇಲಿ ದಾಟಿಸಿ ಹೋಮ್‌ರನ್ ಹೊಡೆಯುವುದಿಲ್ಲ, ನಿಜ. ಆದರೆ ಪಿಚರ್‌ನ ಕಣ್ಣು ತಪ್ಪಿಸಿ ಮುಂದಿನ ಬೇಸಿಗೆ ಓಡಿ ಅದನ್ನು ಕದಿಯುತ್ತಾನೆ. ಅವನು ಒಂದು ಹೆಜ್ಜೆ ಆಚೆ ಇಟ್ಟರೆ ಸಾಕು, ಮೈದಾನವೆಲ್ಲ ಉಸಿರು ಬಿಗಿಹಿಡಿಯುವುದು ರೇಡಿಯೊದಲ್ಲೇ ಕೇಳುತ್ತದೆ. ಸಿನ್ಸಿನಾಟಿಯ ಡಾರ್ನೆಲ್ ಪೂಲ್. ಹತ್ತು ಸಲ ಬೀಸಿದರೆ ಏಳು ಸಲ ಗಾಳಿಗೆ. ಆದರೆ ತಗುಲಿದಾಗ ಆ ಸದ್ದಿಗೆ ರೇಡಿಯೊದವನ ವಿವರಣೆ ಬೇಕಾಗುವುದಿಲ್ಲ.

ಷಿಕಾಗೊದ ಕ್ಯಾಚರ್, ದಾಂಡಿಗನ ಹಿಂದೆ ಕುಕ್ಕುರುಗಾಲಿನಲ್ಲಿ ಕೂತು ಚೆಂಡು ಹಿಡಿಯುವ ಹ್ಯೂಗೊ ಸ್ಟ್ರಾಂಡ್‌ನನ್ನು ಸಮರ್ಥಿಸುವುದಿಲ್ಲ. ಅವನು ನನಗೆ ಬೇಕಿರಲಿಲ್ಲ. ಗ್ಲೆನ್‌ಗೆ ಅವನ ಮೇಲೆ ಕಣ್ಣಿದೆ ಎಂದು ಕಂಡು, ಅವನ ಜೇಬು ಖಾಲಿ ಮಾಡಿಸೋಣವೆಂದು ಸುಮ್ಮನೆ ಬೆಲೆ ಏರಿಸುತ್ತಾ ಹೋದೆ. ನಾನು ಹದಿನೇಳು ಎಂದದ್ದೇ ತಡ, ಆ ಮಹಾನುಭಾವ ಕೈ ಕಟ್ಟಿಕೊಂಡು ಸೂರು ನೋಡತೊಡಗಿದ. ಸ್ಟಾಶ್ ಒಂದು ಸಲ ಎಂದ, ಎರಡು ಸಲ ಎಂದ, ಬಿಯರ್ ಮಗ್ಗಿನ ತಳದಿಂದ ಮೇಜು ಕುಟ್ಟಿದ. ಮಂಡಿ ನೋವಿನ ಕ್ಯಾಚರ್ ನಮ್ಮ ಕೊರಳಿಗೆ ಬಿದ್ದ. ಈ ಆಟ ಆಡುವ ಪ್ರತಿಯೊಬ್ಬರೂ ಒಮ್ಮೆಯಾದರೂ ಹೀಗೆ ತಾವು ತೋಡಿದ ಗುಂಡಿಗೆ ತಾವೇ ಬೀಳುತ್ತಾರೆ. ನೀನೂ ಬಿದ್ದಿದ್ದೀಯ, ಹೆಸರು ಹೇಳಿಸಬೇಡ.

ಇನ್ನು ನಿನ್ನ ಹೊಟ್ಟೆ ಉರಿಸಿದ ಸಂಗತಿ. ಸಿಯಾಟಲ್‌ನ ಡಾಂಟೆ ಓಕ್ಸ್. ಈ ವರ್ಷದ ಅತ್ಯುತ್ತಮ ದಾಂಡಿಗ, ಎರಡು ಮಾತಿಲ್ಲ. ನನ್ನ ಕೈಯಲ್ಲಿ ಅವನನ್ನು ಕೊಳ್ಳುವಷ್ಟು ಡಾಲರ್ ಇತ್ತು. ಗ್ಲೆನ್ ಬೆಲೆ ಕೂಗಿದ ಮೇಲೆ ಇಡೀ ಕೋಣೆ ನನ್ನ ಕಡೆ ನೋಡಿತು. "ವಾಂಡಾ, ನಿದ್ದೆ ಬಂತಾ?" ಎಂದು ಸ್ಟಾಶ್ ಕೇಳಿದ, ನಿನ್ನ ಮೇಲಿನ ಪ್ರೀತಿಯಿಂದ ಮಗ್ಗನ್ನು ಬೇಕೆಂತಲೇ ಮೇಲೆಯೇ ಹಿಡಿದುಕೊಂಡಿದ್ದ. ನಾನು ಬಾಯಿ ಬಿಡಲಿಲ್ಲ. ಗ್ಲೆನ್‌ಗೆ ಓಕ್ಸ್ ಕಡಿಮೆ ಬೆಲೆಗೆ ಸಿಕ್ಕ. ಆ ಖುಷಿಯಲ್ಲೇ ಅಲ್ಲವೆ ಅವನು ನಿನಗೆ ಫೋನು ಮಾಡಿ, ಸಮಾಧಾನ ಹೇಳುವ ನೆಪದಲ್ಲಿ ಎಲ್ಲವನ್ನೂ ಊದಿದ್ದು?

ಯಾಕೆ ಬಿಟ್ಟೆ ಎಂದರೆ, ನಮಗಿಂತ ಮೂರು ಗಂಟೆ ಹಿಂದಿರುವ ಸಿಯಾಟಲ್‌ನಲ್ಲಿ ಆಟ ಶುರುವಾಗುವ ಹೊತ್ತಿಗೆ ನಮ್ಮೂರಲ್ಲಿ ನೀನು ಹಾಸಿಗೆ ಸೇರಿರುತ್ತೀಯ. ಎದ್ದಿದ್ದರೂ ಅಷ್ಟು ದೂರದ ಆಟ ನಿನ್ನ ಅಡುಗೆಮನೆಯ ರೇಡಿಯೊಗೆ ಎಟುಕುವುದಿಲ್ಲ. ಮೊಬೈಲಿನಲ್ಲಿ ಎಲ್ಲ ಊರಿನ ಆಟವೂ ಕೇಳುತ್ತದೆ ಎಂದು ನನಗೂ ಗೊತ್ತು. ನಿನ್ನ ಮೊಬೈಲನ್ನು ನೀನು ಕಾಲುಚೀಲಗಳ ಜೊತೆ ಡ್ರಾಯರಿಗೆ ತುರುಕಿರುವುದೂ ಗೊತ್ತು. ಆ ರೇಡಿಯೊಗೆ ಸಂಜೆಯ ಮೇಲೆ ಸಿಗುವುದು ನಾಲ್ಕು ಊರು: ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ, ಷಿಕಾಗೊ. ನಾನು ಕೊಂಡವರ ಹೆಸರನ್ನೆಲ್ಲ ಇನ್ನೊಮ್ಮೆ ನೆನೆಸಿಕೋ. ಆ ನಾಲ್ಕು ಊರಿನ ಆಚೆಯವನು ಒಬ್ಬನೂ ಇಲ್ಲ. ಅಕಸ್ಮಾತ್ತಾಗಿ ಬಿದ್ದ ಕ್ಯಾಚರ್ ಕೂಡ ಷಿಕಾಗೊದವನೇ ಆದದ್ದು ನನ್ನ ಪುಣ್ಯ.

ಅತ್ತಿಗೆ, ಅವನೇನಾದರೂ ಗೊಣಗುತ್ತಿದ್ದರೆ ಗೊಣಗಲಿ, ಮುಂದಕ್ಕೆ ಓದಿ.

ಹೃದಯದಿಂದ ಆಡುವವಳು ಎಂದು ನೀನು ನನ್ನನ್ನು ಯಾವಾಗಲೂ ಛೇಡಿಸುತ್ತೀಯ. ಇದು ಹೃದಯವಲ್ಲ, ಲೆಕ್ಕಾಚಾರ. ಲಗ್ರಾಂಜ್ ಬೀದಿಯ ಮನೆಯ ಮೆಟ್ಟಿಲ ಮೇಲೆ ಅಪ್ಪನ ರೇಡಿಯೊ ಇಟ್ಟುಕೊಂಡು ನಾವಿಬ್ಬರೂ ಆಟ ಕೇಳುತ್ತಿದ್ದೆವಲ್ಲ. ನಾನು ಆಗ ಒಂದು ಮೈದಾನವನ್ನೂ ಕಂಡಿರಲಿಲ್ಲ. ನೀನು ಮೆಟ್ಟಿಲ ಮೇಲೆ ಬೀನ್ಸ್ ಕಾಳು ಜೋಡಿಸಿ, ಇಲ್ಲಿ ಇವನು, ಅಲ್ಲಿ ಅವನು ಎಂದು ತೋರಿಸುತ್ತಿದ್ದೆ. ಇದ್ದಕ್ಕಿದ್ದಂತೆ, "ಇವ್ನ ಕೈ ಸೋತಿದೆ ಕಣೇ, ಈಗ ಹೊಡೀತಾರೆ ನೋಡು," ಎನ್ನುತ್ತಿದ್ದೆ. ಹೊಡೆಯುತ್ತಿದ್ದರು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, ರೇಡಿಯೊದವನು ಎರಡು ಚೆಂಡಿನ ನಡುವೆ ಎಷ್ಟು ಹೊತ್ತು ಸುಮ್ಮನಿದ್ದ ಎಂದು ಕೇಳಿಸಿಕೊ ಎನ್ನುತ್ತಿದ್ದೆ. ನಾನು ಈ ಆಟವನ್ನು ಕಣ್ಣಿಂದ ಕಲಿಯಲಿಲ್ಲ ಅಣ್ಣ, ನಿನ್ನ ಬಾಯಿಂದ ಕಲಿತೆ. ಅಂಥ ಕಿವಿ ಇರುವವನು ಕುರುಡನಾದೆ, ಇನ್ನು ಆಟ ಮುಗಿಯಿತು ಎಂದರೆ ನಾನು ನಂಬಬೇಕೆ? ಗ್ಲೆನ್‌ನ ಅಳಿಯನ ಹತ್ತಿರ ಎಲ್ಲ ಅಂಕಿಯೂ ಇದೆ. ಪಿಚರ್ ದಣಿದದ್ದು ಅಂಕಿಗೆ ಮಾರನೆಯ ದಿನ ಗೊತ್ತಾಗುತ್ತದೆ, ನಿನಗೆ ಆಗಲೇ ಗೊತ್ತಾಗುತ್ತದೆ. ನಾನು ಪಣ ಕಟ್ಟಿದ್ದು ಅದರ ಮೇಲೆ.

ಇನ್ನೊಂದು ಮಾತು. ಭಾನುವಾರ ನೀನು ಕಿರುಚಿದಾಗ, "ನನ್ ತಂಡನ ಹಾಳ್ ಮಾಡ್ಬಿಟ್ಯಲ್ಲೇ" ಎಂದೆ. "ನಿನ್ನ ತಂಡ" ಎಂದ ಆ ಒಂದು ಮಾತು ಬಿಟ್ಟರೆ, ಚಳಿಗಾಲ ಪೂರ್ತಿ ನಿನ್ನ ಬಾಯಿಂದ ಹೂಂ, ಉಹೂಂ ಅಲ್ಲದೆ ಬೇರೇನೂ ನಾನು ಕೇಳಿರಲಿಲ್ಲ. ನೀನು ಫೋನು ಇಟ್ಟ ಮೇಲೆ ನಾನು ಸಿಂಕಿನ ಮುಂದೆ ನಿಂತು ಅತ್ತೆ. ಬೇಜಾರಿನಿಂದಲ್ಲ, ಸಂತೋಷದಿಂದ. ನಮ್ಮಣ್ಣ ಇನ್ನೂ ಇದ್ದಾನೆ, ಬೈಯುವಷ್ಟು ಇದ್ದಾನೆ ಎನಿಸಿತು.

ಗುರುವಾರ ಋತುವಿನ ಮೊದಲ ದಿನ. ಮೊದಲ ವಾರ ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು ಎಂದು ಅವತ್ತು ಮಧ್ಯಾಹ್ನದೊಳಗೆ ಸ್ಟಾಶ್‌ಗೆ ಹೇಳಬೇಕು. ಯಾವಾಗಲೂ ನಾನು ಹೇಳುತ್ತಿದ್ದೆ. ಈ ಸಲ ಹೇಳುವುದಿಲ್ಲ. ನಾನು ಫೋನು ಮಾಡಿದರೆ ಬರೆದುಕೊಳ್ಳಬೇಡ, ನಮ್ಮಣ್ಣನ ದನಿ ಕೇಳಿದರೆ ಮಾತ್ರ ಬರೆದುಕೊ ಎಂದು ನಿನ್ನೆ ಸ್ಟಾಶ್‌ನ ಅಂಗಡಿಗೇ ಹೋಗಿ ಎಲ್ಲರೆದುರಿಗೆ ಹೇಳಿ ಬಂದಿದ್ದೇನೆ. ಗ್ಲೆನ್ ಅಲ್ಲೇ ಇದ್ದ, ಖುಷಿಯಲ್ಲಿ ನನಗೊಂದು ಬಿಯರ್ ಕೊಡಿಸಿದ. ಕುಡಿದೆ.

ನೀನು ಹೇಳದಿದ್ದರೆ ಆ ವಾರ ನಮಗೆ ಸೊನ್ನೆ. ಮುಂದಿನ ವಾರವೂ ಸೊನ್ನೆ. ಕೊನೆಯ ಸ್ಥಾನ ಕಟ್ಟಿಟ್ಟ ಬುತ್ತಿ, ಕುರ್ಚಿ ಆ ಅಳಿಯನದು. ಅದನ್ನು ಬಿಟ್ಟುಕೊಡುವುದೇ ನಿನ್ನ ಇಷ್ಟವಾದರೆ ನಿನ್ನ ಬಾಯಿ ಮುಚ್ಚಿಕೊಂಡು ನೀನೇ ಬಿಟ್ಟುಕೊಡು. ನನ್ನ ಕೈಯಿಂದ ಮಾತ್ರ ಅದು ಆಗುವುದಿಲ್ಲ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನ್ನ ಸಿಟ್ಟನ್ನೂ ಚೆನ್ನಾಗಿಟ್ಟಿರಲಿ. ಅತ್ತಿಗೆ, ಓದಿ ಮುಗಿಸಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಸ್ಟಾಶ್ ಅಂಗಡಿಯ ನಂಬರ್ ನಿಮಗೆ ಗೊತ್ತು. ಗುರುವಾರ ಬೆಳಿಗ್ಗೆ ಅದನ್ನು ಒತ್ತಿ, ಫೋನನ್ನು ಅವನ ಕೈಗೆ ಕೊಟ್ಟು, ನೀವು ಆಚೆ ಹೋಗಿಬಿಡಿ.

ನಿನ್ನ ತಂಗಿ, ನಿನ್ನ ಪಾಲುದಾರಳು,
ವಾಂಡಾ