ಕೆನ್ನೆಗೆ ತಿಳಿಯುವ ಬಿಸಿ

ಲಾಂಡ್ರಿಯ ಮೇಲಿನ ಕೋಣೆ,
ಶನಿವಾರ ಮಧ್ಯಾಹ್ನ

ಮುನಿಸಿಕೊಂಡು ಕೂತಿರುವ ನನ್ನ ಅಮ್ಮನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಅಣ್ಣನ ಮನೆಯಲ್ಲಿ ಮೆಟ್ಟಿಲು ಜಾಸ್ತಿ, ಹತ್ತಿ ಇಳಿಯುವಾಗ ಕಂಬಿ ಹಿಡಿದುಕೋ. ಕಂಬಿ ಹಿಡಿಯುವುದೆಂದರೆ ನಿನಗೆ ಮರ್ಯಾದೆಗೆ ಕಮ್ಮಿ ಅಂತ ನನಗೆ ಗೊತ್ತು, ಆದರೂ ಹಿಡಿದುಕೋ. ಕೆಮ್ಮಿನ ಮಾತ್ರೆ ನುಂಗುತ್ತಿದ್ದೀಯೋ ಅಥವಾ ನಾಲಿಗೆಯಡಿ ಇಟ್ಟುಕೊಂಡಿದ್ದು ಅತ್ತಿಗೆ ಆ ಕಡೆ ತಿರುಗಿದ ಮೇಲೆ ಉಗಿಯುತ್ತಿದ್ದೀಯೋ? ಅವಳ ಇಸ್ತ್ರಿಪೆಟ್ಟಿಗೆ ಆಟದ ಸಾಮಾನಿನಷ್ಟು ಹಗುರ ಎಂದು ಗೊಣಗುತ್ತಲೇ ಮನೆಮಂದಿಯ ಬಟ್ಟೆಯನ್ನೆಲ್ಲ ನೀನೇ ಒತ್ತುತ್ತಿರುತ್ತೀಯ, ಅದೂ ನನಗೆ ಗೊತ್ತು. ಮಗನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವ ಯೋಗ ನಿನ್ನ ಹಣೆಯಲ್ಲಿ ಬರೆದಿಲ್ಲ.

ಇಲ್ಲಿ ಅಂಗಡಿ ಹೇಗೋ ನಡೆಯುತ್ತಿದೆ. ನಿನ್ನ ಇಸ್ತ್ರಿ ಮೇಜಿಗೆ ಯಜಮಾನರು ಒಬ್ಬನನ್ನು ಕರೆತಂದಿದ್ದರು. ಅವನು ಕಾಲರನ್ನು ತುದಿಯಿಂದ ಒಳಕ್ಕೆ ಒತ್ತುವ ಬದಲು ಒಳಗಿನಿಂದ ತುದಿಗೆ ಒತ್ತಿ ಎಲ್ಲಾ ಅಂಗಿಗಳಿಗೂ ಸುಕ್ಕು ಬರಿಸಿಟ್ಟ. ಗುಂಡಿ ಅಜ್ಜಿ ಕಿಟಕಿಯ ಪಕ್ಕದಲ್ಲಿ ಗುಂಡಿ ಹೊಲಿಯುತ್ತ ಕೂತವಳು ಕನ್ನಡಕದ ಮೇಲಿಂದ ಒಂದು ಸಲ ನೋಡಿದಳು, ಅಷ್ಟಕ್ಕೇ ಅವನು ಸಂಜೆಯೊಳಗೆ ಕಾಲು ಕಿತ್ತ. ಮೇಜು ಹಾಗೇ ಖಾಲಿ ಇದೆ. ಬಟ್ಟೆಗೆ ನೀರು ಚಿಮುಕಿಸುವ ನಿನ್ನ ಸೀಸೆಯನ್ನು ಅಜ್ಜಿ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ, ಎದ್ದು ಕಿಟಕಿಯತನಕ ಹೋಗಿ ಬಂದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಎಂದೂ ಬಂದಿಲ್ಲ. ಅಮ್ಮಾ, ನಾನು ಆಪರೇಷನ್ ಮಾಡಿಸಿಕೊಂಡೆ. ನೀನು ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಹೊರಟುಹೋದ ಮೇಲೆ ಬಿಟ್ಟುಬಿಡುತ್ತೇನೆ ಅಂದುಕೊಂಡಿದ್ದೆಯೇನೋ. ಬಿಡಲಿಲ್ಲ. ಡಾಕ್ಟರಮ್ಮ ಕೂದಲಿನ ಅಂಚಿನಲ್ಲಿ ಕೊಯ್ದು ಹಣೆಯ ಮೂಳೆಯನ್ನು ತಗ್ಗಿಸಿದರು. ಬಾಯಿಯ ಒಳಗಿನಿಂದ ಕೊಯ್ದು ದವಡೆಯನ್ನೂ ಕೆನ್ನೆಯ ಮೂಳೆಯನ್ನೂ ತಿದ್ದಿದರು. ಅವರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಏನೇನು ಕೆಡಬಹುದು ಎಂದು ಮೊದಲೇ ಕೂರಿಸಿ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಕೆಡುವುದೆಲ್ಲ ಬೇರೆಯವರಿಗೆ ಎಂಬಂತೆ ಕೇಳಿಸಿಕೊಂಡಿದ್ದೆ.

ಮೊದಮೊದಲು ಮುಖ ಉಬ್ಬಿ ಕಣ್ಣೇ ತೆರೆಯಲಾಗುತ್ತಿರಲಿಲ್ಲ. ಆಮೇಲೆ ಊತ ಇಳಿಯುತ್ತ ಬಂತು. ಒಂದು ವಾರ, ಅಮ್ಮಾ, ಒಂದೇ ಒಂದು ವಾರ, ಕನ್ನಡಿಯಲ್ಲಿ ನಾನು ಇದ್ದೆ. ಬೇರೆ ಹೇಗೆ ಹೇಳಲಿ, ತಿಳಿಯದು. ಅಲ್ಲಿಯವರೆಗೆ ಕನ್ನಡಿಯಲ್ಲಿ ಯಾವಾಗಲೂ ಇನ್ಯಾರೋ ಬಂದು ನನ್ನ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಆ ವಾರ ನಾನು ಬೀದಿಗೆ ಹೋದೆ, ಔಷಧಿ ಅಂಗಡಿಯವನು ತಲೆಯೆತ್ತಿ ನೋಡಿ ಚಿಲ್ಲರೆ ಕೊಟ್ಟು ಮತ್ತೆ ತಲೆ ತಗ್ಗಿಸಿದ. ಅಷ್ಟೇ. ಎರಡನೇ ಸಲ ನೋಡಲಿಲ್ಲ. ಆ ಸಂತೋಷವನ್ನು ಯಾರಿಗೆ ಹೇಳುವುದು ಎಂದು ಗೊತ್ತಾಗದೆ ಅಜ್ಜಿಗೆ ಹೇಳಿದೆ, ಅವಳು ಸೂಜಿಗೆ ದಾರ ಪೋಣಿಸಿಕೊಡು ಎಂದಳು. ನಿನಗೆ ಹೇಳಬೇಕಿತ್ತು.

ನೀನು ಹೊರಡುವ ದಿನ ಅಂದಿದ್ದನ್ನು ನಾನು ಮರೆತಿಲ್ಲ. ‘ಮುಖ ಏನು ಅಂಗಿಯೇನೇ, ಮಡಿಕೆ ಸರಿಯಿಲ್ಲ ಅಂತ ಬಿಚ್ಚಿ ಮತ್ತೆ ಒತ್ತೋಕೆ? ನಾನು ಕೊಟ್ಟಿದ್ರಲ್ಲಿ ಏನು ಕಮ್ಮಿ ಆಯ್ತು ನಿಂಗೆ?’ ನೀನು ನನ್ನ ಉಡುಪಿಗೆ ಎಂದೂ ಅಡ್ಡ ಬಂದವಳಲ್ಲ. ನನ್ನ ಮೊದಲ ಲಂಗದ ಅಂಚನ್ನು ಮಡಿಸಿ ಹೊಲಿದುಕೊಟ್ಟವಳೇ ನೀನು. ಊರವರು ಏನಂದರೂ ‘ನನ್ನ ಮಗಳು, ನಿಮ್ಮ ಬಟ್ಟೆ ತಗೊಂಡು ಹೋಗಿ’ ಎಂದು ಬಾಯಿ ಮುಚ್ಚಿಸಿದವಳು. ಆದರೆ ಮುಖಕ್ಕೆ ಕತ್ತಿ ಎಂದ ಕೂಡಲೇ ನಿನಗೆ ಅದು ನಿನ್ನ ಮೇಲೆ ಎತ್ತಿದ ಕತ್ತಿಯಂತೆ ಕಂಡಿತು. ನೀನು ಕೊಟ್ಟಿದ್ದನ್ನು ನಾನು ಎಸೆಯಲಿಲ್ಲ ಅಮ್ಮಾ. ನೀನು ಕೊಟ್ಟಿದ್ದರ ಮೇಲೆ ಯಾರೋ ಗಂಡಸಿನ ಮುಖ ಬೆಳೆದುಕೊಂಡಿತ್ತು, ಅದನ್ನು ತೆಗೆಸಿದೆ. ಇದನ್ನು ಅವತ್ತೇ ಹೇಳಬೇಕಿತ್ತು, ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡೆ. ನನಗೆ ಕಿಡಿ ಅಂತ ಸುಮ್ಮನೆ ಹೆಸರಿಟ್ಟೆಯೇ ನೀನು?

ಈಗ ಕೆಟ್ಟ ಸುದ್ದಿ. ಆ ವಾರ ಕಳೆಯುತ್ತಿದ್ದಂತೆ ಎಡಗಡೆ ಮತ್ತೆ ಊದಿಕೊಂಡಿತು. ಬಾಯಿಯೊಳಗಿನ ಹೊಲಿಗೆ ಒಂದು ಕಡೆ ಬಿಟ್ಟಿದೆ. ಕೆಟ್ಟ ರುಚಿ, ಕೆಟ್ಟ ವಾಸನೆ, ಎದ್ದಾಗ ದಿಂಬು ಒದ್ದೆ. ಎಡ ತುಟಿಯ ಮೂಲೆ ಜೋತುಬಿದ್ದಿದೆ, ಸೂಪು ಕುಡಿದರೆ ಅರ್ಧ ಗಲ್ಲದ ಮೇಲೆ ಹರಿಯುತ್ತದೆ. ಹರಿಯುತ್ತಿರುವುದು ನನಗೆ ತಿಳಿಯುವುದೂ ಇಲ್ಲ, ಅಜ್ಜಿ ಕಣ್ಣಿನಲ್ಲೇ ಸನ್ನೆ ಮಾಡುತ್ತಾಳೆ. ಏಕೆಂದರೆ ಹಣೆಯಿಂದ ಗಲ್ಲದವರೆಗೆ ನನ್ನ ಮುಖಕ್ಕೆ ಸ್ಪರ್ಶವೇ ಇಲ್ಲ. ಮುಟ್ಟಿಕೊಂಡರೆ ಬೇರೆ ಯಾರದೋ ಮುಖವನ್ನು ಮುಟ್ಟಿದಂತೆ. ನಿಧಾನಕ್ಕೆ ಬರುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಬರುವವರೆಗೆ ಬೆಂಕಿ, ಹಬೆ, ಬಿಸಿಯ ಹತ್ತಿರ ಹೋಗಬೇಡಿ ಎಂದೂ ಹೇಳಿದ್ದರು.

ನಾನು ಹೋದೆ. ಬೈಯಬೇಡ, ಮೊದಲು ಪೂರ್ತಿ ಓದು. ಮೇಲೆ ಒಬ್ಬಳೇ ಕೂತು ಕನ್ನಡಿ ನೋಡಿ ನೋಡಿ ತಲೆ ಕೆಟ್ಟುಹೋಗಿತ್ತು. ಕೆಳಗೆ ಹೋಟೆಲಿನವರ ಬಿಳಿ ಕೋಟುಗಳು ರಾಶಿ ಬಿದ್ದಿದ್ದವು. ಕೈಗೆ ಕೆಲಸ ಕೊಟ್ಟರೆ ಮುಖ ಮರೆತೀತು ಅಂದುಕೊಂಡೆ. ದೊಡ್ಡ ಇಸ್ತ್ರಿಪೆಟ್ಟಿಗೆಯನ್ನು ಕಾಯಿಸಿ, ಎತ್ತಿ, ಕೆನ್ನೆಯ ಹತ್ತಿರ ಹಿಡಿದೆ. ನೀನು ಕಲಿಸಿದ ಹಾಗೆ. ನಮ್ಮ ಅಂಗೈ ಒಲೆಯ ಕಲ್ಲಾಗಿಹೋಗಿದೆ, ಅದಕ್ಕೆ ಬಿಸಿಯೂ ಒಂದೇ ತಣ್ಣಗೂ ಒಂದೇ. ಅದಕ್ಕೇ ನೀನು ಮೊದಲ ದಿನ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಪೆಟ್ಟಿಗೆಯನ್ನು ನನ್ನ ಮುಖದ ಪಕ್ಕಕ್ಕೆ ತಂದು, ‘ಕೈಯನ್ನ ನಂಬಬೇಡ. ಕೆನ್ನೆ ಸುಳ್ಳು ಹೇಳಲ್ಲ’ ಎಂದಿದ್ದೆ. ರೇಷ್ಮೆಗೆ ಎಷ್ಟು, ಹತ್ತಿಗೆ ಎಷ್ಟು, ಎಲ್ಲವೂ ನನ್ನ ಕೆನ್ನೆಗೆ ಗೊತ್ತು. ಅವತ್ತು ಹಿಡಿದರೆ ಏನೂ ತಿಳಿಯಲಿಲ್ಲ. ಇನ್ನೂ ಕಾದಿಲ್ಲ ಅಂದುಕೊಂಡೆ. ಇನ್ನಷ್ಟು ಹತ್ತಿರ ತಂದೆ. ಸುಟ್ಟ ವಾಸನೆ ಬಂತು. ಯಾವುದೋ ಕೋಟು ಸೀಯುತ್ತಿದೆ ಎಂದು ನಾನು ಮೇಜನ್ನು ನೋಡಿದೆ. ಕೆಳಗೆ ನೋಡಿದೆ. ಅಜ್ಜಿ ಕಿರುಚಿದಾಗಲೇ ಗೊತ್ತಾಗಿದ್ದು, ಸೀಯುತ್ತಿರುವುದು ನಾನು ಎಂದು.

ನೋವೇ ಆಗಲಿಲ್ಲ. ಅದೇ ನನ್ನನ್ನು ಈಗಲೂ ಹೆದರಿಸುವುದು. ಕೆನ್ನೆಯ ಮೇಲೆ ಪೆಟ್ಟಿಗೆಯ ಮೂತಿಯ ಗುರುತು, ಅದರ ಕೆಳಗೆ ದವಡೆಯ ಊತ. ಆಸ್ಪತ್ರೆಯಲ್ಲಿ ನರ್ಸು ಇದು ಹೇಗಾಯಿತು ಎಂದು ಕೇಳಿದರೆ ಏನು ಹೇಳಲಿ? ಯಾರೋ ಬೇಕೆಂದೇ ಸುಟ್ಟರು ಅಂದುಕೊಂಡು ಅವರು ಬಾಗಿಲು ಮುಚ್ಚಿ ಮೆಲ್ಲಗೆ ಮತ್ತೆ ಕೇಳಿದರು. ಇಸ್ತ್ರಿ ಮಾಡುವವರು ಬಿಸಿಯನ್ನು ಕೆನ್ನೆಯಿಂದ ನೋಡುತ್ತಾರೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಅರ್ಧ ಮಾತು ಜೊಲ್ಲಿನಲ್ಲಿ ಹೋಯಿತು.

ನಿನಗೆ ಫೋನು ಮಾಡಿದ್ದೆ, ಗೊತ್ತೇ? ಅಣ್ಣ ಎತ್ತಿದ. ತುಟಿ ಕೂಡದಿದ್ದರೆ ‘ಅಮ್ಮ’ ಅನ್ನುವುದಕ್ಕೇ ಆಗುವುದಿಲ್ಲ ಎಂದು ಆವರೆಗೆ ನನಗೆ ತಿಳಿದಿರಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಗಾಳಿಯೇ ಬಂತು. ಯಾರೋ ಕುಡಿದವರು ಅಂದುಕೊಂಡು ಅವನು ಇಟ್ಟುಬಿಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮತ್ತೆ ಮಾಡುವ ಧೈರ್ಯ ಬರಲಿಲ್ಲ, ಅದಕ್ಕೇ ಈ ಕಾಗದ. ಹೋಟೆಲಿನ ಬಟ್ಟೆ ಹಾಕಿಕೊಂಡು ನಮ್ಮ ವ್ಯಾನು ಇವತ್ತು ಸಂಜೆ ನಿಮ್ಮ ಕಡೆಗೇ ಹೊರಡುತ್ತದೆ. ಡ್ರೈವರಣ್ಣ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ.

ಸೋಮವಾರ ಬೆಳಿಗ್ಗೆ ಮತ್ತೆ ಕೊಯ್ಯುತ್ತಾರೆ. ಒಳಗೆ ಕೀವು ಕಟ್ಟಿದೆ, ತೆಗೆದು ತೊಳೆಯಬೇಕು. ಮೂಳೆಗೆ ತಗುಲಿದೆಯೋ ಇಲ್ಲವೋ ತೆರೆದ ಮೇಲೆಯೇ ಗೊತ್ತಾಗುವುದಂತೆ. ತುಟಿ ಮೇಲೇಳುತ್ತದೆಯೇ ಎಂದು ಕೇಳಿದೆ. ಏಳಬಹುದು, ಕಾದು ನೋಡೋಣ ಎಂದರು. ಸ್ಪರ್ಶ? ಕಾದು ನೋಡೋಣ. ಆ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಜ್ವರ ಬಂದು ಹೋಗುತ್ತಿದೆ. ಊಟ ಸೇರುವುದಿಲ್ಲ. ಕನ್ನಡಿಯ ಮೇಲೆ ಒಂದು ಹಾಸಿಗೆಯ ಹೊದಿಕೆ ಹಾಕಿದ್ದೇನೆ, ಆದರೆ ಈ ಮನೆಯಲ್ಲಿ ಹೊಳೆಯುವ ವಸ್ತುಗಳಿಗೆ ಬರವೇ? ಪೆಟ್ಟಿಗೆಯ ತಳದಲ್ಲೂ ನಾನೇ ಕಾಣುತ್ತೇನೆ. ಒಂದು ಕಡೆ ನಾನು ಬಯಸಿದ್ದು, ಇನ್ನೊಂದು ಕಡೆ ಇದು. ಕೆಲವು ದಿನ ಬೆಳಿಗ್ಗೆ ಎದ್ದು ಕಾಲು ಕೆಳಗಿಡುವುದಕ್ಕೆ ಕಾರಣವೇ ಸಿಗುವುದಿಲ್ಲ. ಹಾಗಂತ ಹೇಳಿದಾಗ ಅಜ್ಜಿ ತನ್ನ ಹಾಸಿಗೆಯನ್ನು ಸುತ್ತಿಕೊಂಡು ಬಂದು ನನ್ನ ಬಾಗಿಲಿಗೆ ಅಡ್ಡವಾಗಿ ಮಲಗಲು ಶುರು ಮಾಡಿದ್ದಾಳೆ. ನೀರು ಕುಡಿಯಲು ಹೋಗಬೇಕಾದರೂ ಅವಳನ್ನು ದಾಟಬೇಕು. ಗೊರಕೆಯೋ, ದೇವರೇ ಕಾಪಾಡಬೇಕು.

ಮಾಡಿಸಿಕೊಂಡಿದ್ದಕ್ಕೆ ಪಶ್ಚಾತ್ತಾಪ ಇದೆಯೇ ಎಂದು ನೀನು ಕೇಳುತ್ತೀಯ. ಹಳೆಯ ಮುಖ ವಾಪಸು ಬೇಕು ಅಂತ ಒಂದು ಗಳಿಗೆಯೂ ಅನ್ನಿಸಿಲ್ಲ. ಆದರೆ ಹೆದರಿಕೆಯಾಗಿದೆ ಅಮ್ಮಾ. ನಿನಗೆ ತೋರಿಸಬೇಕೆಂದಿದ್ದ ಮುಖ ಸೋಮವಾರ ಇರುತ್ತದೋ ಇಲ್ಲವೋ ಎನ್ನುವುದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಡುತ್ತದೆ. ‘ನಾನು ಹೇಳಿರಲಿಲ್ವಾ’ ಎಂದು ನೀನು ಅಂದರೆ ನಾನು ತಡೆದುಕೊಳ್ಳಲಾರೆ. ಬೇಕಾದರೆ ಎಲ್ಲಾ ಮುಗಿದ ಮೇಲೆ ಅನ್ನು. ಒಂದು ವರ್ಷ ಬಿಟ್ಟು, ದಿನಾ ಬೆಳಿಗ್ಗೆ ಕಾಫಿಯ ಜೊತೆ ಅನ್ನು, ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಈಗ ಬೇಡ.

ಅಣ್ಣನಿಗೆ ನನ್ನ ನೆನಪು ತಿಳಿಸು, ಕುಡಿದು ಫೋನು ಮಾಡಿದವಳು ನಾನೇ ಎಂದೂ ತಿಳಿಸು. ಅತ್ತಿಗೆಗೆ ಆ ಹಗುರ ಪೆಟ್ಟಿಗೆಯೇ ಒಳ್ಳೆಯದು, ಅವಳನ್ನು ಅಣಕಿಸಬೇಡ. ನಿನ್ನ ಆಶೀರ್ವಾದವನ್ನು ನಾನಾಗಿಯೇ ತೆಗೆದುಕೊಂಡೆ ಎಂದುಕೊಂಡಿದ್ದೇನೆ, ನೀನು ಕೊಟ್ಟರೆ ಇನ್ನೂ ಒಳ್ಳೆಯದು. ಅಜ್ಜಿ ನಿನಗೆ ನಮಸ್ಕಾರ ಹೇಳಿದ್ದಾಳೆ, ಜೊತೆಗೆ ನೀನು ಒಯ್ದಿರುವ ಅವಳ ಚಿಕ್ಕ ಕತ್ತರಿಯನ್ನೂ ಕೇಳಿದ್ದಾಳೆ.

ನಿನ್ನ ಮಗಳು,
ಕಿಡಿ

ಮರೆತಿದ್ದು: ಕೆಳಗೆ ವ್ಯಾನು ಹಾರ್ನ್ ಹೊಡೆಯುತ್ತಿದೆ. ಸೋಮವಾರದ ನಂತರ ದವಡೆಯ ಕೆಳಗೆ ದಿನಾ ಉಗುರುಬೆಚ್ಚಗಿನ ಬಟ್ಟೆ ಇಡಬೇಕಂತೆ. ‘ನೀವು ಮಾತ್ರ ಬಿಸಿ ನೋಡಬೇಡಿ, ಬೇರೆ ಯಾರಾದರೂ ನೋಡಿ ಇಡಲಿ’ ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದಾರೆ. ಮೊಣಕೈ ತಾಗಿಸಿ ನೋಡಬಹುದು ಎಂದರು ನರ್ಸು. ಮೊಣಕೈಗೆ ಏನು ಗೊತ್ತು ಅಮ್ಮಾ? ಅಜ್ಜಿಗೆ ಗುಂಡಿ ಗೊತ್ತು, ಬಿಸಿ ಗೊತ್ತಿಲ್ಲ. ವ್ಯಾನು ನಾಳೆ ಸಂಜೆ ಖಾಲಿ ವಾಪಸು ಬರುತ್ತದೆ, ಡ್ರೈವರಣ್ಣನ ಪಕ್ಕದ ಸೀಟನ್ನು ಹಿಡಿದಿಡಲು ಹೇಳಿದ್ದೇನೆ. ಜ್ವರ ಬಂದಾಗ ನೀನು ಅಂಗೈಯನ್ನು ನಂಬದೆ ನನ್ನ ಹಣೆಗೆ ಕೆನ್ನೆ ಇಟ್ಟು ನೋಡುತ್ತಿದ್ದೆಯಲ್ಲ, ಹಾಗೆ ಬಂದು ನೋಡು. ನೀನು ಇಟ್ಟಿದ್ದು ನನಗೆ ತಿಳಿಯುವುದಿಲ್ಲ. ನಿನಗೆ ತಿಳಿಯುತ್ತದಲ್ಲ, ಸಾಕು.