ತೊಳೆದುಕೊಂಡು ಬಂದ ಕಾಲುಗಳು

ಪ್ರೀತಿಯ ಮಾವಾ,

ಇದು ನಿಮಗೆ ತಲುಪುತ್ತದೆ ಎಂಬ ಭರವಸೆ ನನಗೆ ಅಷ್ಟಾಗಿ ಇಲ್ಲ. ನಿಮ್ಮ ಸೊಸೆ ಎಂಥವಳು ಎಂದು ನಿಮಗೆ ಗೊತ್ತಲ್ಲ. ಹಾಲಿನವನು ಕೇಳದೆಯೇ "ನೀರು ಹಾಕಿಲ್ಲ ಅಕ್ಕಾ" ಎಂದರೆ ಅವತ್ತೇ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುವವಳು. "ರೆಜಿನಾ, ನೀನು ಸ್ವರ್ಗಕ್ಕೆ ಹೋದ್ರೆ ಬಾಗಿಲು ಕಾಯೋ ಸಂತ ಪೇತ್ರರ ಹತ್ರಾನೇ ಆಧಾರ್ ಕಾರ್ಡ್ ಕೇಳ್ತೀಯ ಮಾರಾಯ್ತಿ" ಎಂದು ನೀವು ನಗುತ್ತಿದ್ದಿರಿ. ಕೇಳುತ್ತೇನೆ. ಕೇಳಿದರೆ ತಪ್ಪೇನು? ಆದರೂ ಈ ಈಸ್ಟರಿನಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ? ಇದನ್ನೆಲ್ಲ ನನ್ನ ತಲೆಗೆ ಕಟ್ಟಿ ಹೋದವರೇ ನೀವು.

ಸವರಿಮುತ್ತು ಜೈಲಿನಿಂದ ಬಂದ ವಾರ ನೆನಪಿದೆಯೇ? ಕುಡಿದ ಜಗಳದಲ್ಲಿ ಪಕ್ಕದ ಎಸ್ಟೇಟಿನ ಡ್ರೈವರನ್ನು ಕೊಂದು, ಶಿಕ್ಷೆ ಮುಗಿಸಿ ಬಂದವನು. ಅಮ್ಮತ್ತಿ ಪೇಟೆಯಲ್ಲಿ ಅವನು ಬಂದರೆ ಚಹಾದ ಅಂಗಡಿಯ ಬೆಂಚು ಖಾಲಿಯಾಗುತ್ತಿತ್ತು. ತೋಟದ ಆಳುಗಳ ಲೈನ್ ಮನೆಗಳಲ್ಲಿ ಅವನ ಗೋಡೆಯ ಆಚೆಗಿನ ಸಂಸಾರ ಬೇರೆ ಮನೆ ಕೇಳಿತು. ನೀವು ಏನು ಮಾಡಿದಿರಿ? ನಮ್ಮ ಜಗಲಿಯಲ್ಲಿ ಕೂರಿಸಿ, ನನ್ನನ್ನೇ ಕರೆದು, "ರೆಜಿನಾ, ಸವರಿಗೆ ಒಂದು ಕಾಫಿ" ಎಂದಿರಿ. ತಂದುಕೊಟ್ಟೆ. ಆಮೇಲೆ ಆ ಲೋಟವನ್ನು ಬೂದಿ ಹಾಕಿ ತಿಕ್ಕಿದೆ. ನೀವು ನೋಡಿದಿರಿ. ಅವನು ಹೋದಮೇಲೆ ನಾನು ಹಿತ್ತಲಿಗೆ ಹೋಗಿ ಕೋಳಿಗಳು ಎಲ್ಲ ಇವೆಯೇ ಎಂದು ನೋಡಿ ಬಂದೆ. ಇದ್ದವು. ಇದ್ದದ್ದೇ ನನಗೆ ಇನ್ನಷ್ಟು ಅನುಮಾನ. ಇಷ್ಟು ಸಾಧುವಾಗಿರುವವನು ಏನೋ ದೊಡ್ಡದಕ್ಕೇ ಹೊಂಚು ಹಾಕುತ್ತಿರಬೇಕು, ಅಲ್ಲವೇ?

ಮರುದಿನ ಚರ್ಚಿನಲ್ಲಿ ನಾವಿಬ್ಬರೂ ಹಿತ್ತಾಳೆಯ ದೀಪಕಂಬಗಳನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದೆವು. ಗಂಟೆ ಹೊಡೆಯುವುದು, ಬಲಿಪೀಠ ಒರೆಸುವುದು, ಹೂವಿಡುವುದು ಎಲ್ಲ ನಿಮ್ಮ ಕೆಲಸ, ನಾನು ನಿಮಗೆ ಕೈನೆರವು. "ಅವನು ನಿಜವಾಗ್ಲೂ ಬದಲಾಗಿದ್ದಾನಾ ಅಂತ ಮೊದ್ಲು ಗೊತ್ತಾಗ್ಲಿ ಮಾವಾ, ಆಮೇಲೆ ಮನೆಗೆ ಕರೀರಿ" ಎಂದೆ. ನೀವು ಕೈ ನಿಲ್ಲಿಸದೆ ಆ ಕುಷ್ಠರೋಗಿಯ ಕಥೆ ತೆಗೆದಿರಿ. ಊರಿನಾಚೆ ಇರಬೇಕಾದವನು, ದೂರದಿಂದಲೇ ತಾನು ಮೈಲಿಗೆ ಎಂದು ಕೂಗಬೇಕಾದವನು ಬಂದು ಯೇಸುಸ್ವಾಮಿಯ ಮುಂದೆ ಮೊಣಕಾಲೂರಿದ್ದು. "ಸ್ವಾಮಿ ಎಂತ ಮಾಡಿದ್ರು ಹೇಳು? ಒಂದು ಮಾತಲ್ಲಿ ವಾಸಿ ಮಾಡಿ, ಆಮೇಲೆ ಮುಟ್ಬೋದಿತ್ತು. ಮುಟ್ಟಿದ್ದು ಮೊದ್ಲು. ಗಾಯ ಇದ್ದ ಹಾಗೇ ಮುಟ್ಟಿದ್ದು" ಎಂದಿರಿ. ಅವರು ದೇವರು, ಅವರಿಗೆ ಅಂಟುವುದಿಲ್ಲ, ನಮಗೆ ಹಾಗಾ ಎಂದು ನಾನು ಕೇಳಿದೆ. "ಅಂಟಲ್ಲ ಅಂತ ಗೊತ್ತಿದ್ದು ಮುಟ್ಟೋಕೆ ನಂಬಿಕೆ ಎಂತಕ್ಕೆ ಮಗಳೇ?" ಎಂದು ಇನ್ನೊಂದು ಕಂಬ ಎತ್ತಿಕೊಂಡಿರಿ. ನಿಮ್ಮ ಜೊತೆ ವಾದ ಮಾಡುವುದೇ ಕಷ್ಟ. ಇನ್ನೇನು ಸೋತಿರಿ ಎನ್ನುವಷ್ಟರಲ್ಲಿ ಒಂದು ಪ್ರಶ್ನೆ ಕೇಳಿ ಮುಗಿಸಿಬಿಡುತ್ತೀರಿ.

ನಾನೂ ಬಿಟ್ಟಿರಲಿಲ್ಲ. ಒಂದು ಭಾನುವಾರ ಪೂಜೆ ಮುಗಿಸಿ ಬರುವ ದಾರಿಯಲ್ಲಿ ಕೇಳಿಯೇಬಿಟ್ಟೆ: "ಕೊಂದವನ ಮೇಲೆ ಇಷ್ಟು ಕರುಣೆ, ಸತ್ತವನ ಹೆಂಡ್ತಿ ಮೇಲೆ ಯಾರದ್ದು ಕರುಣೆ?" ನೀವು ನಡೆಯುವುದನ್ನು ನಿಲ್ಲಿಸಿದಿರಿ. "ಸಿದ್ದಾಪುರದಲ್ಲಿದ್ದಾಳೆ ಅವಳು. ಹೋಗ್ತಾ ಇರ್ತೀನಿ. ನಿಂಗೆ ಹೇಳಿಲ್ಲ ಅಷ್ಟೆ." ಎಷ್ಟೋ ಶನಿವಾರ ಸಂತೆಗೆ ಎಂದು ಹೋಗಿ ಬರಿಗೈಯಲ್ಲಿ ಬರುತ್ತಿದ್ದ ನಿಮ್ಮ ಮೇಲೆ ಗೊಣಗಿದವಳು ನಾನು. ಅವಳು ಸವರಿಯನ್ನು ಕ್ಷಮಿಸಿದ್ದಾಳಾ ಎಂದೆ. "ಇಲ್ಲ. ಕ್ಷಮಿಸು ಅಂತ ನಾನು ಕೇಳೂ ಇಲ್ಲ. ಅದನ್ನ ಕೇಳೋಕೆ ನಾನ್ಯಾರು?" ಎಂದಿರಿ. ಅವತ್ತು ನಿಮ್ಮ ಮೇಲೆ ನನಗೆ ಸಿಟ್ಟೂ ಬಂತು, ಗೌರವವೂ ಬಂತು.

ಆಸ್ಪತ್ರೆಯ ಮಂಚದ ಮೇಲೆ ನೀವು ಹೇಳಿದ ಮಾತಿಗೆ ಈಗ ಬರುತ್ತೇನೆ. ನಿಮ್ಮ ಮಗ ಔಷಧಿ ತರಲು ಹೋಗಿದ್ದರು. ನೀವು ಕಣ್ಣು ಬಿಟ್ಟು, "ಈ ಸಲ ಪವಿತ್ರ ಗುರುವಾರ ಸವರಿಗೆ ಒಂದು ಕುರ್ಚಿ ಇಡು ರೆಜಿನಾ" ಎಂದಿರಿ. ನಿಮ್ಮ ನಂತರ ಗಂಟೆಯ ಕೆಲಸ ನನಗೇ ಬರುತ್ತದೆ ಎಂದು ನಿಮಗೆ ಗೊತ್ತಿತ್ತು. ಈಸ್ಟರಿನ ಹಿಂದಿನ ಆ ಗುರುವಾರ, ಯೇಸುಸ್ವಾಮಿ ಶಿಷ್ಯರ ಪಾದ ತೊಳೆದ ನೆನಪಿಗೆ, ಫಾದರ್ ಕೈಯಲ್ಲಿ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯನ್ನು ಕೂರಿಸುವುದೂ ನಾನೇ ಎಂದು ಗೊತ್ತಿತ್ತು. ಸಾಯುವವರ ಮಾತಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ ಎಂದು ಗೊತ್ತಿದ್ದೇ ಕೇಳಿದಿರಿ, ಹೌದಲ್ಲವೇ ಮಾವಾ? ಬಹಳ ಹುಷಾರು ನೀವು. ನಾನು ಹೂಂ ಎನ್ನಲಿಲ್ಲ. ಹೊದಿಕೆ ಸರಿಮಾಡಿದೆ. ಅದನ್ನೇ ಹೂಂ ಎಂದುಕೊಂಡು ನೀವು ನಿದ್ದೆ ಹೋದಿರಿ, ಆಮೇಲೆ...

ನಿಮ್ಮನ್ನು ಮಣ್ಣು ಮಾಡಿದ ದಿನ ಗುಂಡಿ ತೋಡಿದ್ದು ಯಾರು ಗೊತ್ತಾ? ಕರೆದಿರಲಿಲ್ಲ, ಹೇಳಿರಲಿಲ್ಲ. ನಾವು ಸ್ಮಶಾನಕ್ಕೆ ಹೋಗುವಷ್ಟರಲ್ಲಿ ಸವರಿ ಒಬ್ಬನೇ ತೋಡಿ, ಅಂಚನ್ನೆಲ್ಲ ತಟ್ಟಿ ನುಣುಪು ಮಾಡಿ, ಬೇಲಿಯಾಚೆ ಹೋಗಿ ನಿಂತಿದ್ದ. ಜನ ಹೋದಮೇಲೆ ಬಂದು ಮಣ್ಣು ಹಾಕಿದ. ಕಂಡ ಒಂದಿಬ್ಬರು ಪಾಪ ಎಂದರು. ನಾನು ಅನ್ನಲಿಲ್ಲ. ಇಷ್ಟೆಲ್ಲ ಮಾಡುತ್ತಿರುವುದು ಏನನ್ನು ಪಡೆಯಲು? ನೀವು ಅವನಿಗೆ ಏನಾದರೂ ಮಾತು ಕೊಟ್ಟಿದ್ದಿರಾ? ಅಂದಿನಿಂದ ಅವನು ದಿನಾ ಸಂಜೆ ಚರ್ಚಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಕೈ ಮುಗಿಯುತ್ತಿರಲಿಲ್ಲ, ತುಟಿ ಅಲ್ಲಾಡುತ್ತಿರಲಿಲ್ಲ. ನಾನು ಹೂವು ಬದಲಾಯಿಸುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ಅವನು ಎದ್ದು ಹೋಗುವವರೆಗೆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಪಾದ ತೊಳೆಸಿಕೊಳ್ಳಲು ಬರುವವರನ್ನು ನೋಡಿ ನೀವು ಪ್ರತಿವರ್ಷ ನಗುತ್ತಿದ್ದದ್ದು ಈ ಸಲ ಬಹಳ ನೆನಪಾಯಿತು. ಗುರುವಾರ ಸಂಜೆ ಫಾದರ್ ತೊಳೆಯುತ್ತಾರೆ ಎಂದು ನಮ್ಮವರೆಲ್ಲ ಮಧ್ಯಾಹ್ನವೇ ಮನೆಯಲ್ಲಿ ಕಲ್ಲಿಗೆ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಉಗುರು ಕತ್ತರಿಸಿ, ಒಡೆದ ಹಿಮ್ಮಡಿಗೆ ಮುಲಾಮು ಹಚ್ಚಿ, ಹೊಸ ಚಪ್ಪಲಿ ಹಾಕಿ ಬರುತ್ತಾರೆ. ತೊಳೆಯುವುದು ಬಲಗಾಲು ಮಾತ್ರ ಎಂದು ಗೊತ್ತಿರುವ ಜೋಸಪ್ಪಣ್ಣ, ನಮ್ಮ ಟ್ರ್ಯಾಕ್ಟರ್ ಜೋಸಪ್ಪಣ್ಣ, ಬಲಗಾಲಿಗೆ ಮಾತ್ರ ಸೋಪು ಹಾಕುತ್ತಾನೆ. "ತೊಳೆದ ಕಾಲು ತೊಳೆಯೋಕೆ ಫಾದರ್ ಯಾಕೆ ಬೇಕು?" ಎಂದು ನೀವು ಕೇಳುತ್ತಿದ್ದಿರಿ. ನಾನು ನಿಮ್ಮ ಮಾತು ಕೇಳುತ್ತಿರಲಿಲ್ಲ. ಚರ್ಚಿನ ಹಿಂದಿನ ನಲ್ಲಿಯ ಹತ್ತಿರ ಬಕೆಟ್ಟು, ಸೋಪು ಇಟ್ಟು, ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಾಲೂ ನೋಡಿಯೇ ಒಳಗೆ ಬಿಡುತ್ತಿದ್ದವಳು ನಾನು. ಫಾದರ್ ಮುಂದೆ ಊರಿನ ಮರ್ಯಾದೆ ಹೋಗಬಾರದಲ್ಲ!

ಸವರಿಗೂ ಕುರ್ಚಿ ಎಂದು ನಾನು ಹೇಳಿದ ಭಾನುವಾರ ಚರ್ಚಿನ ಅಂಗಳದಲ್ಲಿ ಗಲಾಟೆಯೇ ಆಯಿತು. ಜೋಸಪ್ಪಣ್ಣ ಕೆಂಡವಾದ. "ಆ ಕೊಲೆಗಾರನ ಪಕ್ಕ ನಾನು ಕೂತ್ಕೋಬೇಕಾ? ಅವನ ಕಾಲು ತೊಳೆದ ನೀರಲ್ಲೇ ನಮ್ಮ ಕಾಲೂ ತೊಳೀಬೇಕಾ? ನಿಮ್ಮ ಮಾವನ ದಾರಿಯೇ ಬೇರೆ, ನೀವಾದ್ರೂ ಬುದ್ಧಿ ಇರೋರು ಅಂದ್ಕೊಂಡಿದ್ದೆ ರೆಜಿನಕ್ಕಾ" ಎಂದ. ನಿಜ ಹೇಳುತ್ತೇನೆ, ಅವನ ಒಂದೊಂದು ಮಾತೂ ನನ್ನ ಮನಸ್ಸಿನಲ್ಲಿದ್ದದ್ದೇ. ಆದರೆ ಅವನ ಬಾಯಲ್ಲಿ ಕೇಳಿದಾಗ ಯಾಕೋ ಮೈ ಉರಿಯಿತು. "ನಿಮಗೆ ಇಷ್ಟ ಇಲ್ದಿದ್ರೆ ಬರ್ಬೇಡಿ, ಕುರ್ಚಿ ಖಾಲಿ ಇರ್ಲಿ" ಎಂದುಬಿಟ್ಟೆ. ಅವನು ಬರುವುದಿಲ್ಲ ಎಂದ, ಅವನ ಹಿಂದೆ ಇನ್ನೂ ಕೆಲವರು ಹಾಗೇ ಎಂದರು. ಹೊಸ ಫಾದರ್ ಹತ್ತಿರ ಹೋಗಿ ಹೇಳಿದೆ. ಹುಡುಗು ಪ್ರಾಯದವರು, ಬೈಯುತ್ತಾರೆ ಎಂದುಕೊಂಡಿದ್ದೆ. "ಎಷ್ಟು ಕಾಲು ಬರ್ತದೋ ಅಷ್ಟು ತೊಳೆಯೋಣ ಅಕ್ಕಾ" ಎಂದರು. ನೀವು ಹೋಗುವ ಮೊದಲು ಅವರಿಗೂ ಏನಾದರೂ ಹೇಳಿ ಹೋಗಿದ್ದಿರಾ ಎಂದು ಅವರನ್ನೂ ಒಂದು ಗಳಿಗೆ ದಿಟ್ಟಿಸಿ ನೋಡಿದೆ.

ಗುರುವಾರ ಸಂಜೆ ಸವರಿ ಬಂದದ್ದು ಹೇಗೆ ಗೊತ್ತೇ? ನೇರ ತೋಟದಿಂದ. ಕಾಫಿ ಹೂವಿಗೆ ನೀರು ಹೊಡೆಯುವ ಸಮಯ, ಇಡೀ ದಿನ ಸ್ಪ್ರಿಂಕ್ಲರ್ ಪೈಪು ಎಳೆದು ಮೊಣಕಾಲಿನವರೆಗೆ ಕೆಂಪು ಕೆಸರು. ಬೇಕೆಂದೇ ಬಂದಿದ್ದಾನೆ, ನಮ್ಮ ಮುಖಕ್ಕೆ ಮಸಿ ಬಳಿಯಲು ಎಂದೇ ನನಗೆ ಅನಿಸಿತು. ಹಿಂದಿನ ನಲ್ಲಿಯ ಕಡೆ ಕೈ ತೋರಿಸಿದೆ. ಹೋದ. ಫಾದರ್ ಪ್ರವಚನ ಮುಗಿಯುತ್ತಾ ಬಂದರೂ ಅವನ ಪತ್ತೆ ಇಲ್ಲ. ಓಡಿಹೋದ, ಒಳ್ಳೆಯದೇ ಆಯಿತು ಎಂದುಕೊಂಡು ನೋಡಲು ಹೋದೆ. ನಲ್ಲಿಯ ಕಲ್ಲಿನ ಮೇಲೆ ಕೂತು, ನನ್ನ ಸೋಪಿನಿಂದ ಹಿಮ್ಮಡಿ ಉಜ್ಜುತ್ತಲೇ ಇದ್ದ. ಕೆಸರು ಯಾವಾಗಲೋ ಹೋಗಿತ್ತು. ಉಳಿದದ್ದು ಒಡಕಿನೊಳಗೆ ಕೂತ ಕಪ್ಪು. ಅದನ್ನು ಉಜ್ಜಿ ಉಜ್ಜಿ ಒಂದು ಕಡೆ ರಕ್ತ ಬಂದಿತ್ತು.

"ಇದು ಹೋಗಲ್ಲ ಅಕ್ಕಾ" ಎಂದ, ತಲೆ ಎತ್ತದೆ. "ಬೇರೆ ಯಾರನ್ನಾದ್ರೂ ಕೂರ್ಸಿ. ನಾನು ಹೊರಡ್ತೀನಿ. ನಿಮ್ಮ ಮಾವನೋರು ಹೇಳಿದ್ರು ಅಂತ ಬಂದೆ."

"ನಿಂಗೂ ಹೇಳಿದ್ರಾ?" ಎಂದೆ.

"ಆಸ್ಪತ್ರೆಗೆ ಹೋಗೋ ಮುಂಚೆ. ರೆಜಿನಾ ಬೈತಾಳೆ, ಆದ್ರೂ ಕುರ್ಚಿ ಇಡ್ತಾಳೆ ಅಂದ್ರು."

ನೋಡಿದಿರಾ, ನನ್ನನ್ನು ಕೇಳುವ ಮೊದಲೇ ಅವನಿಗೆ ಹೇಳಿ ಮುಗಿಸಿದ್ದಿರಿ! ಅಲ್ಲಿ ನಿಂತೇ ನಿಮಗೆ ಸರಿಯಾಗಿ ಬೈದೆ, ಮನಸ್ಸಿನಲ್ಲಿ. ಬೈಯುತ್ತಾ ಬೈಯುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡೆ. ನೀವು ಹೋದಮೇಲೆ ನಾನು ಅಳಲಿಕ್ಕೆ ಪುರುಸೊತ್ತೇ ಸಿಕ್ಕಿರಲಿಲ್ಲ ಮಾವಾ. ಸೋಪು ಅವನ ಕೈಯಿಂದ ಕಿತ್ತುಕೊಂಡು, "ಸಾಕು, ಇದ್ದ ಹಾಗೇ ಬಾ" ಎಂದೆ.

ಒಳಗೆ ಬಂದು ಅವನು ಕೊನೆಯ ಕುರ್ಚಿಯಲ್ಲಿ ಕೂತ. ಬಂದವರೆಲ್ಲ ಆ ತುದಿಗೆ ಒತ್ತಿಕೊಂಡು ಕೂತಿದ್ದರು. ಅವನ ಪಕ್ಕ ಖಾಲಿ, ಅದರ ಪಕ್ಕ ಖಾಲಿ. ಇಡೀ ಚರ್ಚು ಆ ಖಾಲಿ ಕುರ್ಚಿಗಳನ್ನೇ ನೋಡುತ್ತಿತ್ತು. ಅವನು ರಕ್ತ ಬಂದ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ನನ್ನ ಕೆಲಸ ಟವೆಲು ಹಿಡಿದು ಫಾದರ್ ಹಿಂದೆ ಹೋಗುವುದು. ನನ್ನ ಕಾಲನ್ನು ಯಾರೂ ನೋಡಿದವರಲ್ಲ, ನೋಡುವಂಥದ್ದೂ ಅಲ್ಲ. ಬೆಳಗಿನಿಂದ ಓಡಾಡಿ ದೂಳು, ಹೆಬ್ಬೆರಳಿನ ಉಗುರು ಕಲ್ಲಿಗೆ ಎಡವಿ ಕಪ್ಪಗಾಗಿದೆ. ಏನಾಯಿತೋ, ಟವೆಲನ್ನು ಫಾದರ್ ಹೆಗಲಿಗೆ ಹಾಕಿ ಹೋಗಿ ಅವನ ಪಕ್ಕ ಕೂತುಬಿಟ್ಟೆ. ಪರ್ಸನ್ನು ಮಾತ್ರ ಅವನಿರದ ಕಡೆಯ ಕಂಕುಳಲ್ಲಿ ಗಟ್ಟಿಯಾಗಿ ಇಟ್ಟುಕೊಂಡೆ. ನೀವು ನಗಬಹುದು, ಆದರೆ ಇದ್ದದ್ದು ಹಾಗೇ.

ಫಾದರ್ ಮೊಣಕಾಲೂರಿ ನನ್ನ ಆ ಕೊಳಕು ಕಾಲನ್ನು ಎತ್ತಿ ಹಿಡಿದಾಗ ನಾಚಿಕೆಯಿಂದ ಸತ್ತುಹೋಗುವಂತಾಯಿತು. ತೊಳೆಯುವುದು ಸುಲಭ ಮಾವಾ, ತೊಳೆಸಿಕೊಳ್ಳುವುದು ಬಹಳ ಕಷ್ಟ. ನೀವು ಯಾಕೆ ಇದನ್ನು ಒಮ್ಮೆಯೂ ಹೇಳಲಿಲ್ಲ? ಆಮೇಲೆ ಸವರಿಯ ಸರದಿ. ರಕ್ತ ಬಂದ ಕಡೆ ಫಾದರ್ ಮೆತ್ತಗೆ ಒತ್ತಿ ಒರೆಸಿ, ಬಾಗಿ ಪಾದಕ್ಕೆ ಮುತ್ತಿಟ್ಟರು. ಅವನು ಮಗುವಿನ ಹಾಗೆ ಬಿಕ್ಕಿದ. ನಿಜವಾದ ಅಳುವೋ, ನಾಟಕವೋ? ನಾನು ಓರೆಗಣ್ಣಿನಿಂದ ಚೆನ್ನಾಗಿಯೇ ನೋಡಿದೆ. ನನಗೆ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ಹೊರಗೆ ಬರುವಾಗ, "ಭಾನುವಾರ ಊಟಕ್ಕೆ ಬಾ" ಎಂದು ನನ್ನ ಬಾಯಿ ಹೇಳಿತು.

ಈಸ್ಟರ್ ಬೆಳಿಗ್ಗೆ ಅವನು ಊಟದ ಹೊತ್ತಿಗಿಂತ ಎಷ್ಟೋ ಮೊದಲೇ ಬಂದು ಅಂಗಳದಲ್ಲಿ ನಿಂತ. "ಕೆಲ್ಸ ಏನಾದ್ರೂ ಉಂಟಾ ಅಕ್ಕಾ?" ಎಂದ. ನಿಮ್ಮ ಮಗ ಪೇಟೆಯಿಂದ ಹಂದಿ ಮಾಂಸದ ದೊಡ್ಡ ತುಂಡು ತಂದಿಟ್ಟು, ಮತ್ತೆ ಜೀಪು ತೆಗೆದುಕೊಂಡು ಬಾಡಿಗೆಗೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳಿಗೆಲ್ಲ ಕತ್ತಿ ಹಂಚುವಾಗ ಆಳುಗಳ ಲೆಕ್ಕ ನೋಡುವ ರೈಟರ್ ಇವನೊಬ್ಬನಿಗೆ ಕೊಡುವುದಿಲ್ಲ, ಪೈಪು ಎಳೆಯಲು ಕಳಿಸುತ್ತಾರೆ. ಅದು ಊರಿಗೆಲ್ಲ ಗೊತ್ತು. ಸರಿಯಾದ್ದೇ ಮಾಡುತ್ತಾರೆ ಎಂದು ನಾನೂ ಹೇಳಿದವಳೇ.

ಮಾಂಸವನ್ನು ತಂದು ಅಂಗಳದ ಕಲ್ಲಿನ ಮೇಲಿಟ್ಟು, ಮತ್ತೆ ಒಳಗೆ ಹೋಗಿ ಕತ್ತಿ ತಂದೆ. ಹೆದರಿಕೆ ಆಗಲಿಲ್ಲ ಎಂದು ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಅವನು ಕತ್ತಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹಿಡಿಯನ್ನು ಅವನ ಕಡೆ ಮಾಡಿ ನೀಡಿದೆ. ಹಾಗೆ ನೀಡಿದರೆ ಅಲಗು ನಮ್ಮ ಕಡೆಗೇ ಇರುತ್ತದಲ್ಲ, ಇರಲಿ ಎಂದುಕೊಂಡೆ. ಅವನು ಕೈಗಳನ್ನು ಅಂಗಿಗೆ ಒರೆಸಿಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡ. ಮಾಂಸದ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಕೇಳಿದ:

"ತುಂಡು ದೊಡ್ಡದು ಮಾಡ್ಲಾ ಅಕ್ಕಾ, ಸಣ್ಣದಾ?"

"ಸಣ್ಣದು" ಎಂದೆ. ಎಂದು, ಅವನಿಗೆ ಬೆನ್ನು ಹಾಕಿ, ಒಲೆ ಹೊತ್ತಿಸಲು ಒಳಗೆ ಹೋದೆ ಮಾವಾ.

ನಿಮ್ಮ ಸೊಸೆ,
ರೆಜಿನಾ