ನೋಡದೆ ಹಾಕಿದ ರುಜು

ಅಜ್ಜಂಪುರ, ೧೪-೮-೧೯೬೧

ಚಿರಂಜೀವಿ ಓಂಕಾರಿಗೆ,

ಲಾ ಕಾಲೇಜಿನಲ್ಲಿ ಪೊಲೀಸರ ಮಹಜರಿನ ಪಾಠ ನಡೆಯುತ್ತಿದೆ ಎಂದು ಬರೆದಿದ್ದೀಯೆ. ನಿನ್ನ ಮೇಷ್ಟ್ರನ್ನು ಒಂದು ಮಾತು ಕೇಳು. ನನ್ನ ಹೆಸರು ಎತ್ತಿದರೆ ಕಾಲು ಮುರಿಯುತ್ತೇನೆ.

ಐವತ್ತೆರಡರ ಕೊಲೆ ಕೇಸಿನಲ್ಲಿ, ಕಲ್ಲಪ್ಪನ ಬಣವೆಯಲ್ಲಿ ಮಚ್ಚು ಸಿಕ್ಕಿತೆಂಬ ಮಹಜರಿಗೆ ನಾನು ಸಾಕ್ಷಿಯಾಗಿ ರುಜು ಹಾಕಿದೆ. ಬಣವೆಯ ಹತ್ತಿರಕ್ಕೂ ಹೋಗಿರಲಿಲ್ಲ. "ಎಲ್ಲಾರೂ ಹಿಂಗೇ ಹಾಕೋದು ಕಣಯ್ಯ" ಎಂದರು ಪಟೇಲರು. ಅವರ ಜಗಲಿಯಲ್ಲೇ ಕೂತು ಹಾಕಿದೆ. ಕಲ್ಲಪ್ಪ ಜೈಲಿನಲ್ಲೇ ಸತ್ತ.

ಮೊನ್ನೆ ಅವನ ಹೆಂಡತಿ ದುರ್ಗಮ್ಮ ಸಿಕ್ಕಿ, "ನೀನೇ ಕಂಡೆ ಅಂದ್ಮೇಲೆ ಇನ್ನೇನು ಅಂತ, ಜೈಲಿಗೆ ಅವನ ಮುಖ ನೋಡಕ್ಕೂ ಹೋಗ್ಲಿಲ್ಲ ಕಣಣ್ಣ" ಎಂದಳು. ಈಗ ಹುಲ್ಲು ಹಿರಿಯಲು ನಮ್ಮ ಬಣವೆಗೆ ಕೈ ಹಾಕಿದರೂ ಕಬ್ಬಿಣ ತಣ್ಣಗೆ ತಗಲಿದಂತಾಗುತ್ತದೆ.

ಸತ್ತವನ ಮೇಲಿನ ತೀರ್ಪು ತಿದ್ದಲು ದಾರಿ ಇದೆಯೇ ಕೇಳು. ಇಲ್ಲವಾದರೆ ಕಾಗದ ಬೇಡ, ನೀನೇ ಬಾ. ದುರ್ಗಮ್ಮನ ಮನೆಗೆ ಒಬ್ಬನೇ ಹೋಗುವ ಧೈರ್ಯ ನನಗಿಲ್ಲ.

ನಿನ್ನ ದೊಡ್ಡಪ್ಪ,
ಹಾಲಪ್ಪ